ಒಂದು ಜ್ಯೋತಿ, ಎರಡು ಬಿಂಬ

ಉತ್ತರದ ಆಕಾಶದಲ್ಲಿ ಸಪ್ತರ್ಷಿಮಂಡಲವನ್ನು ಗುರುತಿಸಲಾರದವರು ನಮ್ಮಲ್ಲಿ ವಿರಳ. ಮದುವೆಯ ದಿನ ವಧುವಿಗೆ ಅರುಂಧತಿಯನ್ನು ತೋರಿಸುವ ವಾಡಿಕೆ ಉಳಿದಿರುವವರೆಗೆ, ವಸಿಷ್ಠನ ಮಗ್ಗುಲಲ್ಲಿರುವ ಆ ಸಣ್ಣ ತಾರೆಯ ಪರಿಚಯವೂ ಅಳಿಯುವಂತಿಲ್ಲ. ವಸಿಷ್ಠ ಅರುಂಧತಿಯರು ಕಣ್ಣಿಗೆ ಬೇರೆ ಬೇರೆಯಾಗಿ ಕಾಣುವರು. ನಿಜವಾಗಿಯೂ ಬೇರೆ ಬೇರೆಯೇ. ಅದೇ ಮಂಡಲದ ಎಲ್ಲೆಯೊಳಗೆ ಇನ್ನೊಂದು ಜೋಡಿಯುಂಟು. ಬರಿಗಣ್ಣಿಗೆ ಕಾಣುವ ಕಟ್ಟಕಡೆಯ ತಾರೆಗಿಂತಲೂ ಹತ್ತಾರು ಸಾವಿರ ಪಾಲು ಮಂದವಾದ ಎರಡು ನೀಲಿಯ ಚುಕ್ಕೆಗಳು. ಅವುಗಳ ನಡುವಣ ಅಂತರ ಸುಮಾರು 6 ವಿಕಲೆ, ಎಂದರೆ ಅರ್ಧ ಮೈಲಿಗಿಂತ ಸ್ವಲ್ಪ ಹೆಚ್ಚು ದೂರದಲ್ಲಿ ಹಿಡಿದ ಒಂದು ಅಂಗುಲದ ನಾಣ್ಯ ನಮಗೆ ತೋರುವಷ್ಟು. ಈ ಎರಡು ಚುಕ್ಕೆಗಳು ಎರಡಲ್ಲ, ಒಂದೇ ವಸ್ತುವಿನ ಎರಡು ಬಿಂಬಗಳು ಎಂಬುದು 1979ನೆಯ ಇಸವಿಯಲ್ಲಿ ತಿಳಿದುಬಂದಿತು.

ಹೀಗಾಗಬಹುದೆಂಬ ಲೆಕ್ಕವು ಅದಕ್ಕಿಂತ ಅರುವತ್ತೇಳು ವರ್ಷ ಮೊದಲೇ ಒಂದು ಟಿಪ್ಪಣಿಯ ಪುಸ್ತಕದಲ್ಲಿ ಬರೆಯಲ್ಪಟ್ಟಿದ್ದಿತು. ಬರೆದವರು ಸಾಮಾನ್ಯರಲ್ಲ, ಐನ್‌ಸ್ಟೈನ್ ಪಂಡಿತರು. ಆದರೆ ಇದನ್ನು ಕಣ್ಣಿನಿಂದ ಕಾಣುವ ಆಸೆ ಬೇಡವೆಂದು ಲೋಕಕ್ಕೆ ಹೇಳಿದವರೂ ಅವರೇ. ಲೆಕ್ಕವು ಸರಿಯಾಗಿದ್ದೂ ತೀರ್ಪು ಏಕೆ ತಪ್ಪಾಯಿತು, ಆ ತೀರ್ಪನ್ನು ಯಾರು ಹೇಗೆ ಮೀರಿದರು ಎಂಬ ವೃತ್ತಾಂತವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಬೆಳಕು ಭಾರವಾದ ವಸ್ತುಗಳ ಹತ್ತಿರ ಸಾಗುವಾಗ ಬಾಗಬಹುದೆಂಬ ಶಂಕೆ ಹಳೆಯದು. 1704ರಲ್ಲಿ ಪ್ರಕಟವಾದ ತಮ್ಮ ಬೆಳಕಿನ ಶಾಸ್ತ್ರಗ್ರಂಥದ ಕೊನೆಗೆ ನ್ಯೂಟನ್ನರು ಕೆಲವು ಪ್ರಶ್ನೆಗಳನ್ನು ಸೇರಿಸಿರುವರು. ಅವುಗಳಲ್ಲಿ ಮೊದಲನೆಯದೇ ಇದು. 1801ರಲ್ಲಿ ಸೋಲ್ಡ್ನರ್ ಎಂಬ ಜರ್ಮನ್ ಖಗೋಳಜ್ಞನು ಲೆಕ್ಕ ಮಾಡಿ, ಸೂರ್ಯನ ಅಂಚನ್ನು ಸವರಿ ಬರುವ ರಶ್ಮಿಯು ಸುಮಾರು 0.84 ವಿಕಲೆ ಬಾಗಬೇಕೆಂದನು. ಒಡನೆಯೇ, ಅಂದಿನ ಖಗೋಳಜ್ಞರು ಇದನ್ನು ಗಣನೆಗೆ ತಂದುಕೊಳ್ಳುವ ಅಗತ್ಯವಿಲ್ಲವೆಂದೂ ಹೇಳಿ ಕೈಬಿಟ್ಟನು. ವಾಚಕರು ಈ ಮಾತನ್ನು ನೆನಪಿನಲ್ಲಿಡಬೇಕು. ಈ ಚರಿತ್ರೆಯಲ್ಲಿ ಇಂಥ ತೀರ್ಪು ಮತ್ತೆ ಮತ್ತೆ ಬರುವುದು.

1911ರಲ್ಲಿ ಪ್ರಾಗ್ ನಗರದಲ್ಲಿದ್ದ ಐನ್‌ಸ್ಟೈನರು ಬೇರೊಂದು ದಾರಿಯಿಂದ ಹೊರಟು ಹೆಚ್ಚುಕಡಮೆ ಅದೇ ಅಂಕಿಗೆ ಬಂದರು. 1915ರ ನವೆಂಬರಿನಲ್ಲಿ, ಭಾರದಿಂದ ಕಾಲ ಮಾತ್ರವಲ್ಲದೆ ದೇಶವೂ ವಕ್ರವಾಗುವುದೆಂಬ ತಮ್ಮ ಸಿದ್ಧಾಂತವನ್ನು ಪೂರ್ಣಗೊಳಿಸಿದಾಗ ಆ ಅಂಕಿಯು ಇಮ್ಮಡಿಯಾಗಿ 1.7 ವಿಕಲೆಯಾಯಿತು. ಈ ನಡುವೆ 1914ರ ಆಗಸ್ಟಿನ ಗ್ರಹಣದಲ್ಲಿ ಇದನ್ನು ಪರೀಕ್ಷಿಸಲೆಂದು ಕ್ರಿಮಿಯಕ್ಕೆ ಹೋದ ಫ್ರಾಯಿಂಡ್ಲಿಕ್ ಎಂಬ ಜರ್ಮನ್ ತರುಣನು, ಮಹಾಯುದ್ಧವು ಸಿಡಿದುದರಿಂದ ರಷ್ಯದವರ ಕೈಗೆ ಸೆರೆಸಿಕ್ಕನು. ಅವನ ಪಾಲಿಗೆ ಇದು ದುರ್ದೈವ. ಆಗ ಅಳತೆ ನಡೆದಿದ್ದರೆ ಐನ್‌ಸ್ಟೈನರ ಹಳೆಯ ಅಂಕಿಯೇ ಸುಳ್ಳಾಗುತ್ತಿದ್ದಿತು. 1919ರ ಮೇ 29ರ ಪೂರ್ಣಗ್ರಹಣದ ಕಥೆ ಎಲ್ಲರಿಗೂ ಗೊತ್ತಿರುವಂಥದು. ಸೂರ್ಯನು ಅಂದು ರೋಹಿಣಿಯ ಸಮೀಪದ ತಾರಾಗುಚ್ಛದ ಮುಂದಿದ್ದನು. ಆಫ್ರಿಕದ ಪಶ್ಚಿಮಕ್ಕಿರುವ ಪ್ರಿನ್ಸಿಪೆ ದ್ವೀಪದಲ್ಲಿ ಎಡಿಂಗ್ಟನ್ನರೂ, ಬ್ರೆಜಿಲ್ಲಿನ ಸೊಬ್ರಾಲಿನಲ್ಲಿ ಕ್ರಾಮೆಲಿನ್ ಮತ್ತು ಡೇವಿಡ್‌ಸನ್ನರೂ ತೆಗೆದ ಛಾಯಾಚಿತ್ರಗಳಿಂದ 1.61, 1.98 ಎಂಬ ಅಂಕಿಗಳು ದೊರೆತುವು. ಸೊಬ್ರಾಲಿನ ಇನ್ನೊಂದು ಯಂತ್ರ ಕೊಟ್ಟ ಸಣ್ಣ ಅಂಕಿಯನ್ನು ಅವರು ನಂಬಲಿಲ್ಲ. ನವೆಂಬರ್ 6ರಂದು ಲಂಡನ್ನಿನಲ್ಲಿ ಇದು ಸಾರಲ್ಪಟ್ಟಿತು.

ಬೆಳಕು ಬಾಗುವುದಾದರೆ, ಸೂರ್ಯನಂಥ ಗೋಳವೊಂದು ಮಸೂರದ ಕೆಲಸವನ್ನು ಮಾಡಬಲ್ಲುದೇ? ಮಸೂರವೆಂಬುದು ಮೂಲತಃ ನಮ್ಮ ಅಡಿಗೆಮನೆಯ ಚನ್ನಂಗಿ ಬೇಳೆಯ ಹೆಸರು. ಲ್ಯಾಟಿನ್ನಿನಲ್ಲಿಯೂ ಆ ಗಾಜಿಗೆ ಅದೇ ಬೇಳೆಯ ಹೆಸರನ್ನಿಟ್ಟರು, ಆಕಾರ ಹಾಗಿರುವುದರಿಂದ. ಗಾಜಿನ ಮಸೂರದಲ್ಲಿ ನಡುವಿನ ರಶ್ಮಿ ಬಾಗದೆ ನೇರವಾಗಿ ಸಾಗುವುದು, ಅಂಚಿನ ರಶ್ಮಿ ಹೆಚ್ಚು ಬಾಗುವುದು. ಆದ್ದರಿಂದಲೇ ಎಲ್ಲವೂ ಒಂದು ಬಿಂದುವಿನಲ್ಲಿ ಕೂಡಿಕೊಳ್ಳುವುವು. ಗುರುತ್ವದ ವರ್ತನೆ ಇದಕ್ಕೆ ತಿರುವುಮುರುವು. ಭಾರಕ್ಕೆ ಹತ್ತಿರವಾಗಿ ಹೋಗುವ ರಶ್ಮಿ ಹೆಚ್ಚು ಬಾಗುವುದು, ದೂರದ ರಶ್ಮಿ ಕಡಮೆ. ಹೀಗಾಗಿ ಅವು ಒಂದು ಬಿಂದುವಿನಲ್ಲಿ ಸೇರದೆ, ಒಂದು ರೇಖೆಯ ಉದ್ದಕ್ಕೂ ಒಂದಾದ ಮೇಲೊಂದು ಸೇರುತ್ತ ಹೋಗುವುವು. ಸೂರ್ಯನ ವಿಷಯದಲ್ಲಿ ಆ ರೇಖೆ ಆರಂಭವಾಗುವುದೇ ನಮಗೂ ಅವನಿಗೂ ಇರುವ ದೂರದ ಸುಮಾರು 550 ಮಡಿ ದೂರದಲ್ಲಿ. 1919ರ ಡಿಸೆಂಬರಿನಲ್ಲಿಯೇ ಇಂಗ್ಲೆಂಡಿನ ಆಲಿವರ್ ಲಾಡ್ಜರು, ಒಂದು ನಿಶ್ಚಿತವಾದ ನಾಭಿಯಿಲ್ಲದ ಇದನ್ನು ಮಸೂರವೆಂದು ಕರೆಯುವುದು ಯುಕ್ತವಲ್ಲವೆಂದು ಆಕ್ಷೇಪಿಸಿದರು. ಆಕ್ಷೇಪವು ಸರಿಯಾದುದೇ, ಹೆಸರು ಮಾತ್ರ ಉಳಿದುಕೊಂಡಿತು.

ಈ ವಿಚಿತ್ರ ಮಸೂರದ ಮೂಲಕ ನೋಡಿದರೆ ಏನು ಕಾಣುವುದು? ದೂರದ ತಾರೆ, ನಡುವಣ ಭಾರ, ನಮ್ಮ ಕಣ್ಣು ಈ ಮೂರೂ ಸೂತ್ರ ಹಿಡಿದಂತೆ ಒಂದೇ ಸಾಲಿನಲ್ಲಿದ್ದರೆ, ಬೆಳಕು ಭಾರದ ಎಲ್ಲ ಕಡೆಯಿಂದಲೂ ಸಮನಾಗಿ ಬಳಸಿ ಬರುವುದರಿಂದ ತಾರೆಯು ಬಳೆಯಾಗಿ ತೋರುವುದು. ಸಾಲು ಸ್ವಲ್ಪ ತಪ್ಪಿದರೆ ಬಳೆಯು ಒಡೆದು ಎರಡು ಬಿಂಬಗಳಾಗುವುವು: ತಾರೆಯಿರುವ ಮಗ್ಗುಲಲ್ಲಿ ದೊಡ್ಡದೊಂದು, ಭಾರದ ಆಚೆಯ ಮಗ್ಗುಲಲ್ಲಿ ಚಿಕ್ಕದೊಂದು. ಭಾರವು ದುಂಡಾಗಿರದೆ ಮೊಟ್ಟೆಯಂತೆ ನೀಳವಾಗಿ ಹರಡಿದ್ದರೆ ನಾಲ್ಕು ಬಿಂಬಗಳೂ ಕಾಣಬಹುದು. ಮಧ್ಯದಲ್ಲಿ ಐದನೆಯದೊಂದು ಇರಬೇಕಾದರೂ ಅದು ಬಹಳ ಮಂದ. ಬಿಂಬವು ಮೂಲಕ್ಕಿಂತ ಪ್ರಕಾಶವಾಗಿ ತೋರುವುದಕ್ಕೆ ಕಾರಣವೇನೆಂದರೆ, ಮಸೂರವು ಹೊಸ ಬೆಳಕನ್ನು ಹುಟ್ಟಿಸುವುದಿಲ್ಲ, ನಮ್ಮನ್ನು ತಪ್ಪಿಸಿ ಬೇರೆಲ್ಲಿಗೋ ಹೋಗಬೇಕಾಗಿದ್ದ ರಶ್ಮಿಗಳನ್ನು ನಮ್ಮತ್ತ ತಿರುಗಿಸುವುದು. ಬಿಂಬದ ಒಂದೊಂದು ಚೂರಿನ ಹೊಳಪೂ ಮೂಲದಷ್ಟೇ. ಬಿಂಬದ ವಿಸ್ತಾರ ಹೆಚ್ಚಾಗಿರುವುದರಿಂದ ಒಟ್ಟು ಬೆಳಕು ಹೆಚ್ಚು.

ಇದನ್ನು ಮನೆಯಲ್ಲಿಯೇ ನೋಡಬಯಸುವವರು ಪಾಶ್ಚಾತ್ಯರು ಮದ್ಯಕ್ಕೆ ಬಳಸುವ ಕಾಲುಳ್ಳ ಗಾಜಿನ ಬಟ್ಟಲೊಂದನ್ನು ಸಂಪಾದಿಸಬೇಕು. ವಾಚಕರು ಮುನಿಯಬಾರದು, ಬೇಕಾದುದು ಬಟ್ಟಲಲ್ಲ, ಮುರಿದುಹೋದ ಬಟ್ಟಲಿನ ತಳ ಮಾತ್ರ. ಅದು ನಡುವೆ ದಪ್ಪನಾಗಿ ಎದ್ದು ಅಂಚಿನ ಕಡೆಗೆ ಬೇಗಬೇಗನೆ ತೆಳುವಾಗುವುದು. ಆ ತಳವನ್ನು ಕಾಗದದ ಮೇಲಿನ ಕರಿಯ ಚುಕ್ಕೆಯ ಮೇಲೆ ಹಿಡಿದು ಮೇಲಿನಿಂದ ನೋಡಿದರೆ ಚುಕ್ಕೆಯು ಬಳೆಯಾಗುವುದು. ಗಾಜನ್ನು ತುಸು ಸರಿಸಿದರೆ ಬಳೆ ಮುರಿದು ಬಾಗಿದ ಎರಡು ತುಂಡುಗಳಾಗುವುವು.

ಎಡಿಂಗ್ಟನ್ನರು 1920ರ ತಮ್ಮ ಗ್ರಂಥದಲ್ಲಿ ಎರಡು ಬಿಂಬಗಳ ಸಾಧ್ಯತೆಯನ್ನು ಸೂಚಿಸಿದರು. 1924ರಲ್ಲಿ ಲೆನಿನ್‌ಗ್ರಾಡಿನ ಹಿರಿಯ ಪ್ರೊಫೆಸರು ಖ್ವೋಲ್ಸನ್ನರು ಜರ್ಮನ್ ಖಗೋಳ ಪತ್ರಿಕೆಯೊಂದರಲ್ಲಿ ಬಳೆಯ ವಿಷಯವನ್ನೂ ಸೇರಿಸಿ ಒಂದು ಪುಟ್ಟ ಟಿಪ್ಪಣಿಯನ್ನು ಬರೆದರು. ಅದೇ ಪುಟದಲ್ಲಿ ಅದರ ಕೆಳಗೆ ಐನ್‌ಸ್ಟೈನರದೇ ಒಂದು ಚಿಕ್ಕ ಲೇಖನವು ಅಚ್ಚಾಗಿದೆ, ಸಂಬಂಧವೇ ಇಲ್ಲದ ಬೇರೊಂದು ವಿಷಯವನ್ನು ಕುರಿತು. ತಮ್ಮ ಲೇಖನದ ನೆತ್ತಿಯ ಮೇಲಿದ್ದುದನ್ನು ಅವರು ಓದಿದರೋ ಇಲ್ಲವೋ! ಓದುವ ಅಗತ್ಯವೂ ಅವರಿಗಿರಲಿಲ್ಲ. 1912ರ ಅವರ ಟಿಪ್ಪಣಿಯ ಪುಸ್ತಕದಲ್ಲಿ ಬಳೆ, ಎರಡು ಬಿಂಬ, ಪ್ರಕಾಶದ ವೃದ್ಧಿ ಎಲ್ಲದರ ಲೆಕ್ಕವೂ ಇದ್ದಿತು. ಇತಿಹಾಸಕಾರರು ಇದನ್ನು ಗುರುತಿಸಿ ಪ್ರಕಟಿಸಿದ್ದು 1997ರಲ್ಲಿ. ಆ ವರ್ಷದ ಮಾರ್ಚಿ ತಿಂಗಳಲ್ಲಿ ಮಿಥುನರಾಶಿಯಲ್ಲಿ ಹೊಸ ತಾರೆಯೊಂದು ಹೊತ್ತಿ ಉರಿದಿದ್ದಿತು. ಇಂಥ ಹೊಸ ತಾರೆಗಳು ಮಸೂರದ ಆಟವೇ ಇರಬಹುದೇ ಎಂಬ ಯೋಚನೆ ಅವರಿಗಿದ್ದು, 1915ರಲ್ಲಿ ಗೆಳೆಯರಿಗೆ ಬರೆದ ಕಾಗದದಲ್ಲಿ ಅದು ಹೊಂದುವುದಿಲ್ಲವೆಂದು ವಿಷಾದದಿಂದ ತಿಳಿಸಿರುವರು. ಅಲ್ಲಿಗೆ ಆ ಪುಸ್ತಕ ಮುಚ್ಚಿತು.

ಅದನ್ನು ಮತ್ತೆ ತೆರೆಯಿಸಿದವರು ಯಾವ ವಿದ್ಯಾಪೀಠಕ್ಕೂ ಸೇರದ ಒಬ್ಬ ವ್ಯಕ್ತಿ. ರೂಡಿ ಮಾಂಡ್ಲ್ ಎಂಬುವರು ಜೆಕ್ ದೇಶದಿಂದ ಅಮೇರಿಕಕ್ಕೆ ವಲಸೆ ಬಂದಿದ್ದ ಎಂಜಿನಿಯರು. ತಾರೆಗಳು ಮಸೂರಗಳಾಗಿ ವರ್ತಿಸುವುವೆಂಬ ಯೋಚನೆ ಅವರನ್ನು ಹಿಡಿದುಬಿಟ್ಟಿದ್ದಿತು. ಹೀಗೆ ಕೂಡಿಬಿದ್ದ ಬೆಳಕಿನಿಂದಲೇ ಪೂರ್ವಕಾಲದ ಮಹಾಪ್ರಾಣಿಗಳು ನಾಶವಾದುವೆಂಬ ಮಟ್ಟಿಗೂ ಅವರ ಕಲ್ಪನೆ ಓಡಿದ್ದಿತು. ವಿದ್ವಾಂಸರ ಬಾಗಿಲುಗಳನ್ನು ತಟ್ಟುತ್ತ, ಕೊನೆಗೆ ವಾಷಿಂಗ್ಟನ್ನಿನಲ್ಲಿ ವಿಜ್ಞಾನಪ್ರಚಾರಕ್ಕಾಗಿ ಇದ್ದ ಸಂಸ್ಥೆಯೊಂದಕ್ಕೆ ಬಂದರು. ಅಲ್ಲಿಯವರು ಪ್ರಯಾಣದ ವೆಚ್ಚವನ್ನು ಕೊಟ್ಟು ಪ್ರಿನ್ಸ್‌ಟನ್ನಿಗೆ ಕಳುಹಿಸಿದರು. 1936ರ ಏಪ್ರಿಲ್ಲಿನಲ್ಲಿ ಐನ್‌ಸ್ಟೈನರು ಈ ಅತಿಥಿಯನ್ನು ಸೌಜನ್ಯದಿಂದಲೇ ಕಂಡು, ಇಪ್ಪತ್ತನಾಲ್ಕು ವರ್ಷಗಳ ಹಿಂದಿನ ಲೆಕ್ಕವನ್ನು ಮತ್ತೆ ಮಾಡಿದರು. ಆದರೆ ಪ್ರಕಟಿಸಲು ಮನಸ್ಸಿರಲಿಲ್ಲ. ಮಾಂಡ್ಲರು ಬಿಡದೆ ಕಾಗದಗಳನ್ನು ಬರೆದರು. ಆ ವರ್ಷದ ಡಿಸೆಂಬರಿನಲ್ಲಿ ಅಮೇರಿಕದ ವಿಜ್ಞಾನಪತ್ರಿಕೆಯೊಂದರಲ್ಲಿ ಕಿರುಲೇಖನವು ಹೊರಬಿದ್ದಿತು. ಇದು ಮಾಂಡ್ಲರ ಕೋರಿಕೆಯ ಮೇರೆಗೆ ಮಾಡಿದ ಲೆಕ್ಕವೆಂದು ಮೊದಲಿನಲ್ಲಿಯೇ ಒಪ್ಪಿಕೊಂಡು, ನೇರವಾಗಿ ಇದನ್ನು ಕಾಣುವ ಭರವಸೆಯೇನೂ ಇಲ್ಲವೆಂಬ ತೀರ್ಪನ್ನು ಅದರಲ್ಲಿ ನುಡಿದಿರುವರು. ಪತ್ರಿಕೆಯ ಸಂಪಾದಕರಿಗೆ ಬರೆದ ಖಾಸಗಿ ಕಾಗದದಲ್ಲಂತೂ, ಇದರ ಬೆಲೆ ಅತ್ಯಲ್ಪವಾದರೂ ಆ ಬಡಪಾಯಿಗೆ ಸಂತೋಷವಾದೀತೆಂಬ ಅರ್ಥದ ಮಾತಿದೆ. ಆ ಕಾಗದವನ್ನು ಓದಿದಾಗ ನನಗೆ ಮಾಂಡ್ಲರ ಮೇಲೆಯೇ ಹೆಚ್ಚು ಗೌರವ ಹುಟ್ಟುವುದು. ಅವರ ಕಲ್ಪನೆಗಳಲ್ಲಿ ಮುಕ್ಕಾಲು ಪಾಲು ಜೊಳ್ಳು. ಉಳಿದ ಕಾಲು ಪಾಲನ್ನು ಹಿಡಿದುಕೊಂಡು ಲೋಕದ ಅಗ್ರಗಣ್ಯ ವಿದ್ವಾಂಸರ ಬಾಗಿಲಿನಲ್ಲಿ ನಿಲ್ಲುವ ಧೈರ್ಯ ಮಾತ್ರ ಗಟ್ಟಿ.

ಐನ್‌ಸ್ಟೈನರ ತೀರ್ಪಿಗೆ ಕಾರಣಗಳಿದ್ದುವು. ಅವರು ಎಣಿಸಿದ್ದುದು ತಾರೆಯ ಮುಂದೆ ಬಂದ ತಾರೆಯನ್ನು. ಆ ಬಳೆಯ ಅಳತೆ ಒಂದು ವಿಕಲೆಯ ಸಾವಿರದ ಕೆಲವು ಭಾಗ ಮಾತ್ರ. ಮುಂದಿನ ತಾರೆಯ ಪ್ರಭೆಯೇ ಅದನ್ನು ನುಂಗಿಬಿಡುವುದು. ಎರಡು ತಾರೆಗಳು ಅಷ್ಟು ನೇರವಾಗಿ ಸಾಲುಗೂಡುವುದೂ ಅಪರೂಪ. ಒಂದೊಂದೂ ನಿಜವೇ. ಆದರೆ ಆಕಾಶದಲ್ಲಿ ತಾರೆಗಿಂತ ಭಾರವಾದ ವಸ್ತುಗಳಿರುವುವಷ್ಟೆ. ಮರುವರ್ಷ, 1937ರಲ್ಲಿ, ಕ್ಯಾಲಿಫೋರ್ನಿಯದಲ್ಲಿದ್ದ ಸ್ವಿಸ್ ಪಂಡಿತ ಫ್ರಿಟ್ಸ್ ಜ್ವಿಕಿಯವರು ಈ ಕೊರತೆಯನ್ನು ಹಿಡಿದರು. ಅವರ ಕಿವಿಗೆ ಈ ವಿಷಯ ಬಿದ್ದುದೂ ಮಾಂಡ್ಲರಿಂದಲೇ, ಜ್ವೊರಿಕಿನ್ ಎಂಬುವರ ಮೂಲಕ. ತಾರೆಯ ಬದಲು ನೀಹಾರಿಕೆಯನ್ನು, ಈಗಿನವರು ಗೆಲಾಕ್ಸಿಯೆನ್ನುವ ತಾರಾಸಮುದಾಯವನ್ನು, ಮಸೂರವಾಗಿ ತೆಗೆದುಕೊಳ್ಳಿರೆಂದು ಅವರ ವಾದ. ಭಾರವು ನೂರು ಮಡಿಯಾದರೆ ಬಳೆಯು ಹತ್ತು ಮಡಿ ಹಿಗ್ಗುವುದು. ದೂರಗಳೆಲ್ಲ ನೂರು ಮಡಿಯಾದರೆ ಹತ್ತನೆಯ ಒಂದು ಪಾಲಿಗೆ ಕುಗ್ಗುವುದು. ಗೆಲಾಕ್ಸಿಗಳು ತಾರೆಗಳಿಗಿಂತ ಕೋಟ್ಯಂತರ ಮಡಿ ದೂರದಲ್ಲಿದ್ದರೂ ಅವುಗಳ ಭಾರವು ಸೂರ್ಯನ ಹತ್ತು ಸಾವಿರ ಕೋಟಿ ಮಡಿಗೂ ಮಿಗಿಲಾದುದರಿಂದ, ಕೂಡಿ ಕಳೆದರೆ ಬಳೆಯು ಹಲವು ವಿಕಲೆಗಳಷ್ಟಾಗುವುದು. ದೂರದರ್ಶಕದಲ್ಲಿ ಬೇರ್ಪಡಿಸಿ ನೋಡಬಹುದು. ಇಂಥದೊಂದು ಸಿಕ್ಕಿಯೇ ಸಿಕ್ಕುವುದೆಂದು ಜ್ವಿಕಿಯವರು ಖಂಡಿತವಾಗಿ ನುಡಿದರು. 1974ರಲ್ಲಿ ಅವರು ತೀರಿಕೊಂಡರು. ಆಗಿನ್ನೂ ಒಂದೂ ಸಿಕ್ಕಿರಲಿಲ್ಲ.

ಹಿನ್ನೆಲೆಗೆ ತಕ್ಕ ದೀಪವಿಲ್ಲದುದೇ ಕಾರಣ. ಬಹು ದೂರದಲ್ಲಿದ್ದೂ ಚುಕ್ಕೆಯಂತೆ ಸಣ್ಣದಾಗಿ, ಬಹು ಪ್ರಕಾಶವಾಗಿ ಇರುವ ವಸ್ತು ಬೇಕಾಗಿದ್ದಿತು. 1963ರಲ್ಲಿ ಮಾರ್ಟೆನ್ ಸ್ಮಿಟ್ಟರು ಕ್ವೇಸಾರುಗಳ ನಿಜವಾದ ದೂರವನ್ನು ಕಂಡುಹಿಡಿದಾಗ ಆ ದೀಪವು ದೊರೆಯಿತು. ಮರುವರ್ಷವೇ ನಾರ್ವೆಯ ಸ್ಯೂರ್ ರೆಫ್ಸ್‌ಡಾಲ್ ಎಂಬ ಇಪ್ಪತ್ತೆಂಟು ವರ್ಷದ ತರುಣರು ಬೆಲೆಬಾಳುವ ಲೇಖನಗಳನ್ನು ಪ್ರಕಟಿಸಿದರು. ಎರಡು ಬಿಂಬಗಳ ಬೆಳಕು ಬರುವ ದಾರಿಗಳ ಉದ್ದ ಒಂದೇ ಅಲ್ಲ. ಭಾರಕ್ಕೆ ಹತ್ತಿರವಾದ ದಾರಿಯಲ್ಲಿ ಬೆಳಕಿಗೆ ಇನ್ನಷ್ಟು ವಿಳಂಬವೂ ಉಂಟು. ಆದಕಾರಣ ಮೂಲವು ಒಮ್ಮೆ ಮಿನುಗಿದರೆ, ಒಂದು ಬಿಂಬ ಮೊದಲು ಮಿನುಗಿ ಇನ್ನೊಂದು ಕೆಲಕಾಲದ ಮೇಲೆ ಮಿನುಗುವುದು. ಆ ವಿಳಂಬವನ್ನು ಅಳೆದರೆ, ವಿಶ್ವವು ಎಷ್ಟು ವೇಗದಿಂದ ಹಿಗ್ಗುತ್ತಿದೆಯೆಂಬುದನ್ನೇ ಲೆಕ್ಕ ಹಾಕಬಹುದು. ಹಿನ್ನೆಲೆಯ ದೀಪವಾಗಿ ಅವರು ಮುಖ್ಯವಾಗಿ ಆರಿಸಿಕೊಂಡುದು ಸಿಡಿದು ಸಾಯುವ ಮಹಾತಾರೆಯನ್ನು, ಸೂಪರ್‌ನೋವವನ್ನು.

ಹದಿನೈದು ವರ್ಷಗಳು ಕಳೆದುವು. ಇಂಗ್ಲೆಂಡಿನ ಜಾಡ್ರೆಲ್ ಬ್ಯಾಂಕಿನ ರೇಡಿಯೊ ವೇಧಶಾಲೆಯವರು ಪಟ್ಟಿಮಾಡಿದ್ದ ರೇಡಿಯೊ ಮೂಲಗಳಿಗೆ ಕಣ್ಣಿಗೆ ಕಾಣುವ ಗುರುತನ್ನು ಹುಡುಕುತ್ತ, ಡೆನಿಸ್ ವಾಲ್ಷ್, ರಾಬರ್ಟ್ ಕಾರ್ಸ್‌ವೆಲ್, ರೇ ವೈಮನ್ ಎಂಬ ಮೂವರು ಕೆಲಸ ಮಾಡುತ್ತಿದ್ದರು. 1979ರ ಮಾರ್ಚಿ 29ರ ರಾತ್ರಿ ಅರಿಜೋನದ ಕಿಟ್ ಪೀಕ್ ಬೆಟ್ಟದಲ್ಲಿ, 84 ಅಂಗುಲದ ಕನ್ನಡಿಯ ದೂರದರ್ಶಕದಿಂದ, ಸಪ್ತರ್ಷಿಮಂಡಲದ ಆ ಜೋಡಿಚುಕ್ಕೆಗಳ ಬೆಳಕನ್ನು ಒಂದೊಂದಾಗಿ ಬಿಡಿಸಿ ನೋಡಲಾಯಿತು. ಮೊದಲನೆಯದು ಕ್ವೇಸಾರ್. ಎರಡನೆಯದು ನಡುವೆ ಬಂದ ಯಾವುದೋ ನೀಲಿ ತಾರೆಯಿರಬೇಕು. ಅದನ್ನು ನೋಡಿದರೆ ಅದೂ ಕ್ವೇಸಾರೇ! ಅದೇ ರೇಖೆಗಳು, ಕೆಂಪಿನ ಕಡೆಗೆ ಅಷ್ಟೇ ಸರಿದಿರುವುದು. ಮೊದಲು ಅವರಿಗೆ ಬಂದ ಸಂಶಯ, ದೂರದರ್ಶಕವನ್ನು ಮತ್ತೆ ಅದೇ ಚುಕ್ಕೆಯ ಕಡೆಗೆ ತಿರುಗಿಸಿಬಿಟ್ಟೆವೇ ಎಂಬುದು. ಹಾಗಾಗಿರಲಿಲ್ಲ. ಮೇ 31ರಂದು ವಾರ್ತೆಯು ಪ್ರಕಟವಾಯಿತು. ಎಡಿಂಗ್ಟನ್ನರ ಗ್ರಹಣಕ್ಕೆ ಅರುವತ್ತು ವರ್ಷ ತುಂಬಿ ಎರಡೇ ದಿನ ಕಳೆದಿದ್ದುವು.

ಅವಳಿ ಕ್ವೇಸಾರುಗಳು ನಿಜವಾಗಿಯೇ ಹುಟ್ಟಿರಬಾರದೇ ಎಂದು ಕೇಳಬಹುದು, ಕೇಳಿದವರೂ ಇದ್ದರು. ಕೆಲವೇ ತಿಂಗಳುಗಳಲ್ಲಿ ಹವಾಯಿಯಲ್ಲಿಯೂ ಪಾಲೊಮಾರಿನಲ್ಲಿಯೂ, ಒಂದು ಚುಕ್ಕೆಗೆ ಒಂದು ವಿಕಲೆಯಷ್ಟು ಒತ್ತಿನಲ್ಲಿ, ಮಸೂರವಾದ ಗೆಲಾಕ್ಸಿಯೇ ಕಂಡುಬಂದಿತು. ಕ್ವೇಸಾರಿನ ಬೆಳಕು ಹೊರಟು ಸುಮಾರು 900 ಕೋಟಿ ವರ್ಷಗಳಾದುವು. ಆ ಗೆಲಾಕ್ಸಿಯ ಮಗ್ಗುಲನ್ನು ಹಾಯುವ ವೇಳೆಗೆ ನಮ್ಮ ಭೂಮಿ ಇನ್ನೂ ಹೊಸದು.

ಉಳಿದುದು ರೆಫ್ಸ್‌ಡಾಲರ ವಿಳಂಬ. ಇದನ್ನು ಕುರಿತು ಹದಿನೈದು ವರ್ಷಗಳ ಜಗಳವೇ ನಡೆಯಿತು. ಒಂದು ಪಕ್ಷದವರು ಸುಮಾರು 415 ದಿನವೆಂದರು, ಇನ್ನೊಂದು ಪಕ್ಷದವರು 536 ದಿನವೆಂದರು. ಇಬ್ಬರ ಬಳಿಯೂ ಇದ್ದುದು ಅವೇ ಹಳೆಯ ಅಳತೆಗಳು. 1994ರ ಡಿಸೆಂಬರಿನಲ್ಲಿ ಮೊದಲ ಬಿಂಬವು ಇದ್ದಕ್ಕಿದ್ದಂತೆ ತುಸು ಮಂಕಾಯಿತು. ಇದನ್ನು ಕಂಡವರು, ಎರಡನೆಯ ಬಿಂಬವೂ 1996ರ ಫೆಬ್ರವರಿಯಲ್ಲಿ ಮಂಕಾದರೆ ಮೊದಲ ಪಕ್ಷ ಸರಿ, ಜೂನಿನಲ್ಲಾದರೆ ಎರಡನೆಯದು ಎಂದು ಮುಂಚಿತವಾಗಿಯೇ ಅಚ್ಚುಮಾಡಿಸಿ ಕಾದು ಕುಳಿತರು. ಫೆಬ್ರವರಿಯಲ್ಲಿ ಅದು ಮಂಕಾಯಿತು. ವಿಳಂಬವು 417 ದಿನವೆಂದು ನಿರ್ಣಯವಾಯಿತು. ವಾದವನ್ನು ಹೀಗೆ ಆಕಾಶದ ತೀರ್ಪಿಗೆ ಒಪ್ಪಿಸಿದ ನಿದರ್ಶನಗಳು ಹೆಚ್ಚಿಲ್ಲ.

ಒಂದು ಕಂಡ ಮೇಲೆ ಉಳಿದುವು ತಾವಾಗಿಯೇ ಕಾಣತೊಡಗಿದುವು. 1985ರಲ್ಲಿ ಒಂದೇ ಕ್ವೇಸಾರಿನ ನಾಲ್ಕು ಬಿಂಬಗಳು ಗೆಲಾಕ್ಸಿಯೊಂದರ ನಡುವನ್ನು ಶಿಲುಬೆಯಂತೆ ಸುತ್ತುವರಿದಿರುವುದು ತಿಳಿಯಿತು. 1986–87ರ ವೇಳೆಗೆ ಗೆಲಾಕ್ಸಿಗಳ ಸಮೂಹಗಳ ಸುತ್ತ ಬಿಲ್ಲಿನಂತೆ ಬಾಗಿದ ಉದ್ದನೆಯ ಬೆಳಕಿನ ಗೆರೆಗಳು ಕಂಡು, ಅವು ಹಿಂದಿರುವ ಗೆಲಾಕ್ಸಿಗಳ ಹಿಗ್ಗಿದ ಬಿಂಬಗಳೆಂದು ಗೊತ್ತಾಯಿತು. 1988ರಲ್ಲಿ ರೇಡಿಯೊ ಅಲೆಗಳಲ್ಲಿ ಪೂರ್ಣವಾದ ಬಳೆಯೇ ದೊರೆಯಿತು. ಬಾಗಿದ ಗೆರೆಗಳಿಂದ ಸಮೂಹದ ಭಾರವನ್ನು ತೂಗಿದಾಗ, ಬೆಳಗುವ ತಾರೆಗಳ ಭಾರ ಅದರಲ್ಲಿ ಅತ್ಯಲ್ಪವಾಗಿದ್ದಿತು. ಕಾಣದ ದ್ರವ್ಯವೇ ಹೆಚ್ಚೆಂದು ಜ್ವಿಕಿಯವರು 1933ರಲ್ಲಿಯೇ ಹೇಳಿದ್ದುದಕ್ಕೆ ಅವರ ಮಸೂರವೇ ಸಾಕ್ಷಿಯಾಯಿತು.

ತಾರೆಯ ಮುಂದೆ ತಾರೆಯೆಂಬ ಐನ್‌ಸ್ಟೈನರ ಉದಾಹರಣೆಯೂ ಉಳಿಯಲಿಲ್ಲ. ಬಿಂಬಗಳನ್ನು ಬೇರ್ಪಡಿಸಲಾರದಿದ್ದರೆ ಬೇಡ, ಲಕ್ಷಾಂತರ ತಾರೆಗಳ ಪ್ರಕಾಶವನ್ನು ಪ್ರತಿ ರಾತ್ರಿಯೂ ಅಳೆಯುತ್ತಿದ್ದರೆ ಯಾವುದಾದರೊಂದು ಏರಿ ಇಳಿಯುವುದು ಕಂಡೀತೆಂದು ಪ್ರಿನ್ಸ್‌ಟನ್ನಿನಲ್ಲಿಯೇ ಇದ್ದ ಪೋಲೆಂಡಿನ ಪಚಿನ್‌ಸ್ಕಿಯವರು 1986ರಲ್ಲಿ ಸೂಚಿಸಿದರು. 1993ರಲ್ಲಿ ಅದು ಕಂಡಿತು. 2017ರಲ್ಲಿ ಭಾರತದಿಂದ ಹೋಗಿ ಅಮೇರಿಕದಲ್ಲಿ ನೆಲಸಿರುವ ಕೈಲಾಶ್ ಸಾಹು ಅವರೂ ಸಂಗಡಿಗರೂ, ಹದಿನೇಳು ಹದಿನೆಂಟು ಜ್ಯೋತಿರ್ವರ್ಷ ದೂರದ ಶ್ವೇತಕುಬ್ಜ ತಾರೆಯೊಂದು ಹಿಂದಿನ ತಾರೆಯ ಬಿಂಬವನ್ನು ಒಂದು ವಿಕಲೆಯ ಸಾವಿರದ ಎರಡು ಭಾಗದಷ್ಟು ಸರಿಸಿದುದನ್ನು ಹಬಲ್ ದೂರದರ್ಶಕದಿಂದ ಅಳೆದು ಪ್ರಕಟಿಸಿದರು. ಅದರಿಂದ ದೊರೆತ ಕುಬ್ಜತಾರೆಯ ಭಾರವು ಚಂದ್ರಶೇಖರರ ಸಿದ್ಧಾಂತಕ್ಕೆ ಹೊಂದಿಕೊಂಡಿತು.

ರೆಫ್ಸ್‌ಡಾಲರು ಬಯಸಿದ್ದ ಸೂಪರ್‌ನೋವ ಮಾತ್ರ ಐವತ್ತು ವರ್ಷ ಕಾಯಿಸಿತು. 2009ರ ಜನವರಿಯಲ್ಲಿ ಅವರು ತೀರಿಕೊಂಡರು. 2014ರ ನವೆಂಬರಿನಲ್ಲಿ ಸಿಂಹರಾಶಿಯ ಕಡೆಯ ಗೆಲಾಕ್ಸಿಸಮೂಹವೊಂದರಲ್ಲಿ, ಹಬಲ್ ದೂರದರ್ಶಕದ ಚಿತ್ರಗಳನ್ನು ನೋಡುತ್ತಿದ್ದ ಪ್ಯಾಟ್ರಿಕ್ ಕೆಲ್ಲಿಯವರಿಗೆ ಒಂದೇ ಸ್ಫೋಟದ ನಾಲ್ಕು ಬಿಂಬಗಳು ಕಂಡುವು. ಅದಕ್ಕೆ ರೆಫ್ಸ್‌ಡಾಲರ ಹೆಸರನ್ನೇ ಇಟ್ಟರು. ಸಮೂಹದ ಭಾರವು ಹರಡಿರುವ ಬಗೆಯನ್ನು ಲೆಕ್ಕ ಹಾಕಿದ ಹಲವು ತಂಡಗಳು, ಅದೇ ತಾರೆ ಇನ್ನೊಂದು ದಾರಿಯಿಂದ ಬಂದು, ಮತ್ತೊಂದು ಎಡೆಯಲ್ಲಿ, ಸುಮಾರು ಒಂದು ವರ್ಷದೊಳಗೆ ಮತ್ತೆ ಸಿಡಿಯುವುದೆಂದು ಮುಂಗಂಡು ಬರೆದುವು. ಹಬಲ್ ಆಗಾಗ್ಗೆ ಅತ್ತ ತಿರುಗುತ್ತಿದ್ದಿತು. ನವೆಂಬರಿನ ನಡುವಿನವರೆಗೆ ಏನೂ ಇಲ್ಲ. 2015ರ ಡಿಸೆಂಬರ್ 11ರ ಚಿತ್ರದಲ್ಲಿ, ಹೇಳಿದ್ದ ಎಡೆಯಲ್ಲಿಯೇ, ಸತ್ತ ತಾರೆ ಮತ್ತೆ ಬೆಳಗುತ್ತಿದ್ದಿತು. ಅದೇ ಲೆಕ್ಕದ ಪ್ರಕಾರ ಅದರ ಇನ್ನೂ ಒಂದು ಬಿಂಬವು, ರೆಫ್ಸ್‌ಡಾಲರು ಬದುಕಿದ್ದಾಗಲೇ, 1990ರ ದಶಕದ ಕೊನೆಯ ವೇಳೆಗೆ ಮೂರನೆಯ ಒಂದೆಡೆಯಲ್ಲಿ ತೋರಿ ಮರೆಯಾಗಿರಬೇಕು. ಆಗ ಆ ದಿಕ್ಕಿನಲ್ಲಿ ಅದನ್ನು ಕಂಡವರು ಯಾರೂ ಇಲ್ಲ.